ಪ್ರಾಂಪ್ಟ್ ಮತ್ತೆ ಮತ್ತೆ ಕೇಳಬೇಕಾದಾಗ ನಾನು ಲೂಪ್ ಬರೆಯುವ ಬಗೆ

ಜಾವಾಸ್ಕ್ರಿಪ್ಟ್ ಕಲಿಯುವಾಗ ಬರೆದ ಪುಟ್ಟ ಪ್ರೋಗ್ರಾಂಗಳಲ್ಲಿ ನನಗೆ ಹೆಚ್ಚು ಕಲಿಸಿದ್ದು ಸರಾಸರಿ ಲೆಕ್ಕದ್ದು. ಬಳಕೆದಾರ ಒಂದೊಂದೇ ಅಂಕ ಕೊಡುತ್ತಾ ಹೋಗಬೇಕು, ಸಾಕೆನಿಸಿದಾಗ ನಿಲ್ಲಿಸಬೇಕು, ಆಮೇಲೆ ಸರಾಸರಿ ಬರಬೇಕು. ಎಷ್ಟು ಸಲ ಕೇಳಬೇಕೆಂದು ಮೊದಲೇ ಗೊತ್ತಿದ್ದರೆ ಫಾರ್ ಲೂಪ್ (ಒಂದೇ ಕೆಲಸವನ್ನು ಇಂತಿಷ್ಟು ಸಲ ಮತ್ತೆ ಮತ್ತೆ ಮಾಡಿಸುವ ಬಗೆ) ಸಾಕು, ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ. ಗೊತ್ತಿಲ್ಲದಾಗಲೇ ಯೋಚಿಸಬೇಕಾಗುವುದು.

ಲೂಪ್ ಸುತ್ತುವುದು ಹೇಗೆ ಎಂಬುದಕ್ಕಿಂತ ಮೊದಲು ಅದರಿಂದ ಹೊರಬರುವುದು ಹೇಗೆ ಎಂದು ನಾನು ಬರೆದುಕೊಳ್ಳುತ್ತೇನೆ. ಉತ್ತರ ಕೇಳಲು ಬ್ರೌಸರ್ ತೆರೆಯುವ ಪ್ರಾಂಪ್ಟ್ ಪೆಟ್ಟಿಗೆಯಲ್ಲಿ ಬಳಕೆದಾರ ಕ್ಯಾನ್ಸಲ್ ಒತ್ತಿದರೆ ನಮಗೆ ಸಿಗುವುದು ನಲ್, ಅಂದರೆ ‘ಬೆಲೆಯೇ ಇಲ್ಲ’ ಎಂಬ ಗುರುತು. ಏನೂ ಟೈಪ್ ಮಾಡದೆ ಓಕೆ ಒತ್ತಿದರೆ ಖಾಲಿ ಸ್ಟ್ರಿಂಗ್, ಅಂದರೆ ಅಕ್ಷರವೇ ಇಲ್ಲದ ಪಠ್ಯ. ನೋಡಲು ಎರಡೂ ‘ಏನೂ ಕೊಡಲಿಲ್ಲ’ ಅನ್ನಿಸಿದರೂ ಮೊದಲನೆಯದು ‘ಸಾಕು’ ಎಂಬ ಉತ್ತರ, ಎರಡನೆಯದು ಬಹುಶಃ ಕೈತಪ್ಪು. ಉತ್ತರವನ್ನು ಸಂಖ್ಯೆಯಾಗಿ ಬದಲಿಸುವ ನಂಬರ್ ಫಂಕ್ಷನ್‌ಗೆ ಈ ವ್ಯತ್ಯಾಸ ಕಾಣುವುದಿಲ್ಲ, ಎರಡನ್ನೂ 0 ಮಾಡಿಬಿಡುತ್ತದೆ. ಯಾರೂ ಕೊಡದ ಸೊನ್ನೆಯೊಂದು ಲೆಕ್ಕಕ್ಕೆ ಸೇರಿದರೆ ಸರಾಸರಿ ಇಳಿಯುತ್ತದೆ, ಎರರ್ ಮಾತ್ರ ಎಲ್ಲೂ ಬರುವುದಿಲ್ಲ.

ಹಾಗಾಗಿ ನನ್ನ ಕೋಡ್‌ನಲ್ಲಿ ಪರೀಕ್ಷೆಗಳ ಸರದಿ ಬದಲಾಗುವುದೇ ಇಲ್ಲ. ‘ವೈಲ್ ಟ್ರೂ’ ಎಂದು ತಾನಾಗಿ ನಿಲ್ಲದ ಲೂಪ್ ತೆರೆದು, ಉತ್ತರ ನಲ್ ಆಗಿದ್ದರೆ ಬ್ರೇಕ್, ಅಂದರೆ ಲೂಪ್ ಬಿಟ್ಟು ಹೊರಗೆ. ಟ್ರಿಮ್ ಮಾಡಿ ಹಿಂದುಮುಂದಿನ ಖಾಲಿ ಜಾಗ ತೆಗೆದ ಮೇಲೆ ಖಾಲಿಯಾಗಿದ್ದರೆ ಕಂಟಿನ್ಯೂ, ಅಂದರೆ ಮತ್ತೆ ಕೇಳು. ಆಮೇಲಷ್ಟೇ ನಂಬರ್‌ಗೆ ಬದಲಿಸಿ, ಬಂದದ್ದು ನ್ಯಾನ್ (‘ಸಂಖ್ಯೆಯಲ್ಲ’ ಎಂಬ ಬೆಲೆ) ಹೌದೋ ಅಲ್ಲವೋ ನೋಡುವುದು. ನ್ಯಾನ್ ತನಗೆ ತಾನೇ ಸಮನಲ್ಲದ ವಿಚಿತ್ರ ಬೆಲೆ. ಮೂರು ಈಕ್ವಲ್ ಚಿಹ್ನೆ ಹಾಕಿ ಹೋಲಿಸಿದರೆ ಸದಾ ಫಾಲ್ಸ್ ಬರುತ್ತದೆ, ಅದಕ್ಕೇ ಇರುವ ಇಸ್‌ನ್ಯಾನ್ ಬಳಸಬೇಕು. ಪಠ್ಯದಿಂದ ಪೂರ್ಣಾಂಕ ತೆಗೆಯುವ ಪಾರ್ಸ್‌ಇಂಟ್ ನನಗೆ ಇಲ್ಲಿ ಒಗ್ಗುವುದಿಲ್ಲ: ‘12ಕಖ’ ಎಂದು ಕೊಟ್ಟರೂ 12 ಎಂದು ಒಪ್ಪಿಕೊಳ್ಳುವಷ್ಟು ಉದಾರಿ ಅದು. ನಂಬರ್ ಅಂಥದ್ದನ್ನು ನ್ಯಾನ್ ಎಂದು ತಳ್ಳಿಹಾಕುತ್ತದೆ. ಅಂದಹಾಗೆ ‘೪೫’ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ನ್ಯಾನ್ ಗತಿಯೇ. ಆದರೆ ಬೆಲೆ ಇಟ್ಟುಕೊಳ್ಳುವ ವೇರಿಯಬಲ್‌ಗೆ ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಡಬಹುದು, ಜಾವಾಸ್ಕ್ರಿಪ್ಟ್ ಚಕಾರ ಎತ್ತುವುದಿಲ್ಲ!

ನಂಬರ್‌ಗೆ ಬದಲಿಸುವುದನ್ನು ಬಿಟ್ಟರೇನಾಗುತ್ತದೆ ಎಂದು ಒಮ್ಮೆ ಮಾಡಿ ನೋಡಿ. ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿದ್ದೆಲ್ಲ ಸ್ಟ್ರಿಂಗ್ ಆಗಿಯೇ ಬರುತ್ತದೆ. ಮೊತ್ತ 0 ಇದ್ದಾಗ 45 ಕೂಡಿಸಿದರೆ ‘045’, ಅದಕ್ಕೆ 38 ಕೂಡಿಸಿದರೆ ‘04538’. ಎರಡರಿಂದ ಭಾಗಿಸುವಾಗ ಜಾವಾಸ್ಕ್ರಿಪ್ಟ್ ತಾನಾಗಿಯೇ ಅದನ್ನು ಸಂಖ್ಯೆ ಮಾಡಿಕೊಂಡು 2269 ಎನ್ನುತ್ತದೆ. ಬರಬೇಕಿದ್ದದ್ದು 41.5.

ಒಮ್ಮೆಯಾದರೂ ಕೇಳಲೇಬೇಕಾದ ಕಡೆ, ಷರತ್ತನ್ನು ಕೊನೆಯಲ್ಲಿ ನೋಡುವ ಡೂ-ವೈಲ್ ಲೂಪ್ ಚೆನ್ನ ಎನ್ನುತ್ತಾರೆ, ನಿಜವೇ. ಆದರೆ ಡೂ ಆವರಣದೊಳಗೆ ಲೆಟ್ ಹಾಕಿ ಘೋಷಿಸಿದ ವೇರಿಯಬಲ್ ಕೆಳಗಿನ ವೈಲ್ ಷರತ್ತಿಗೆ ಕಾಣುವುದಿಲ್ಲ, ಲೂಪ್‌ಗೆ ಮುಂಚೆಯೇ ಘೋಷಿಸಿರಬೇಕು. ಹೊರಬರುವ ದಾರಿ ಒಂದಕ್ಕಿಂತ ಹೆಚ್ಚಿದ್ದರೆ ನನಗೆ ಬ್ರೇಕ್ ಇರುವ ವೈಲ್ ಓದಲು ಸಲೀಸು.

ನಲ್ ಪರೀಕ್ಷೆ ಮೊದಲೇ ಬರಲಿ ಎನ್ನಲು ಇನ್ನೊಂದು ಕಾರಣವಿದೆ. ಪೆಟ್ಟಿಗೆ ಪದೇ ಪದೇ ಬಂದರೆ, ‘ಈ ಪುಟ ಇನ್ನು ಡಯಲಾಗ್ ತೋರಿಸದಿರಲಿ’ ಎಂದು ತಡೆಯುವ ಆಯ್ಕೆಯನ್ನು ಬ್ರೌಸರ್ ಬಳಕೆದಾರನಿಗೆ ಕೊಡಬಹುದು. ಅದನ್ನು ಆರಿಸಿದ ಮೇಲೆ ಪ್ರಾಂಪ್ಟ್ ತೆರೆಯುವುದೇ ಇಲ್ಲ, ಕರೆದ ತಕ್ಷಣ ನಲ್ ಕೊಟ್ಟು ವಾಪಸಾಗುತ್ತದೆ. ‘ಸರಿಯಾದ ಸಂಖ್ಯೆ ಕೊಡುವ ತನಕ ಬಿಡೆನು’ ಎಂಬ ಲೂಪ್ ಆಗ ಯಾರನ್ನೂ ಕೇಳದೆ ಗಿರಗಿರನೆ ಸುತ್ತುತ್ತದೆ, ಟ್ಯಾಬ್ ಅಲ್ಲಾಡದೆ ನಿಂತುಬಿಡುತ್ತದೆ.

ತಪ್ಪು ಉತ್ತರ ಬಂದಾಗ ಬರೀ ಮತ್ತೆ ಕೇಳಿದರೆ ಬಳಕೆದಾರನಿಗೆ ಏನಾಯಿತೆಂದೇ ತಿಳಿಯದು. ಸಂದೇಶವನ್ನು ಒಂದು ವೇರಿಯಬಲ್‌ನಲ್ಲಿಟ್ಟು, ತಪ್ಪಾದಾಗ ‘ಇದು ಸಂಖ್ಯೆಯಲ್ಲ’ ಎಂದು ಬದಲಿಸುತ್ತೇನೆ. ಪ್ರಾಂಪ್ಟ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಅವರು ಟೈಪ್ ಮಾಡಿದ್ದನ್ನೇ ಕೊಟ್ಟರೆ ಅದು ಪೆಟ್ಟಿಗೆಯಲ್ಲಿ ಮೊದಲೇ ತುಂಬಿರುತ್ತದೆ, ಒಂದಕ್ಷರ ತಿದ್ದಿದರೆ ಮುಗಿಯಿತು.

ಲೂಪ್ ಮುಗಿದ ಮೇಲೆ ಎಣಿಕೆ 0 ಅಲ್ಲವೆಂದು ನೋಡಿಕೊಂಡೇ ಭಾಗಿಸಿ. 0ಯನ್ನು 0ಯಿಂದ ಭಾಗಿಸಿದರೆ ಅಲ್ಲೂ ನ್ಯಾನ್. ಇದೇ ಕೋಡನ್ನು, ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಒಯ್ಯುವವರಿಗೆ ಅಲ್ಲಿ ಪ್ರಾಂಪ್ಟ್ ಸಿಗದು, ಟೈಪ್ ಮಾಡಿದ ಸಾಲನ್ನು ಓದುವ ರೀಡ್‌ಲೈನ್ ಬಳಸಿ, ಉತ್ತರ ಬರುವ ತನಕ ಕಾಯಲು ಅವೇಯ್ಟ್ ಹಾಕಿ ಕೇಳಬೇಕು. ಕ್ಯಾನ್ಸಲ್ ಗುಂಡಿಯೂ ಇರುವುದಿಲ್ಲವಾದ್ದರಿಂದ ‘ಸಾಕು’ ಎಂಬಂಥ ಒಂದು ಪದವನ್ನು ನಿಲ್ಲಿಸುವ ಗುರುತಾಗಿ ಇಟ್ಟುಕೊಳ್ಳುತ್ತೇನೆ. ಉಳಿದ ಲೂಪ್ ಹಾಗೆಯೇ ನಡೆಯುತ್ತದೆ.