ಕುಕ್ಕರಹಳ್ಳಿ ಕೆರೆಗೆ ಮೊದಲ ಸಲ ಹೋಗುವವರಿಗೆ

ಮೈಸೂರಿಗೆ ಹೊಸದಾಗಿ ಬಂದವರು ಈ ಕೆರೆಗೆ ಯಾವಾಗ ಹೋಗಬೇಕು, ಏನು ನೋಡಬೇಕು ಅಂತ ಆಗಾಗ ಕೇಳುತ್ತಿರುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಸೂರ್ಯ ಮೇಲೇರುವ ಮೊದಲೇ ಹೋಗಿ. ಪೂರ್ತಿ ಸುತ್ತು 5 ಕಿಲೋಮೀಟರಿಗೆ ಹತ್ತಿರ. ಸುಮ್ನೆ ನಡೆದರೆ ಒಂದು ಗಂಟೆ ಸಾಕು. ಆದರೆ ಹಕ್ಕಿ ನೋಡುತ್ತಾ ನಿಂತರೆ ಎರಡು ಗಂಟೆಯೂ ಸಾಲದು. ಬೈನಾಕ್ಯುಲರ್ ಇದ್ದರೆ ತನ್ನಿ.

ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ ಇಲ್ಲಿ ಕಾಣುತ್ತವೆ. ಹಾವಕ್ಕಿ ಈಜುವಾಗ ಉದ್ದ ಕತ್ತು ಮಾತ್ರ ನೀರಿನ ಮೇಲಿರುತ್ತದೆ. ನಾನು ಮೊದಲ ಸಲ ನಿಜವಾಗಿಯೂ ಹಾವೇ ಅಂದುಕೊಂಡಿದ್ದೆ! ಅದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ನೋಡಬೇಕು. ಸೂರ್ಯ ನಿಮ್ಮ ಬೆನ್ನಿಗಿರುವ ಕಡೆ ನಿಂತರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಎದುರು ಬಿಸಿಲಾದರೆ ಎಲ್ಲಾ ಹಕ್ಕಿಯೂ ಕಪ್ಪೇ.

ಇದು ತಾನಾಗಿ ಆದ ಕೆರೆ ಅಲ್ಲ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರು ಕೊಡಲು ಕಟ್ಟಿಸಿದ್ದು. ಈಗ ಮೈಸೂರು ವಿಶ್ವವಿದ್ಯಾನಿಲಯದ ಕೈಯಲ್ಲಿದೆ. ಕುವೆಂಪು ಇಲ್ಲಿ ದಿನಾ ನಡೆಯುತ್ತಿದ್ದರು. ಪಕ್ಕದಲ್ಲಿರುವ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ.

ದಯವಿಟ್ಟು ಹಕ್ಕಿ, ಮೀನುಗಳಿಗೆ ಪುರಿ, ಬ್ರೆಡ್ ಎಸೆಯಬೇಡಿ. ನೀರಿಗೂ ಇಳಿಯಬೇಡಿ. ಫೋನಲ್ಲಿ ಹಾಡು ಹಾಕಿಕೊಂಡು ನಡೆಯುವವರಿದ್ದಾರೆ, ಇಯರ್‌ಫೋನ್ ಅಂತ ಒಂದಿದೆ ಅಲ್ವಾ? ಮಕ್ಕಳ ಜೊತೆ ದೋಣಿಯಲ್ಲಿ ಹೋಗಬೇಕು ಅಂದರೆ ಕಾರಂಜಿ ಕೆರೆಗೆ ಹೋಗಿ. ಮಂಗಳವಾರ ಮಾತ್ರ ಬೇಡ, ಅಂದು ಅಲ್ಲಿ ರಜೆ.