ಹಳೇ ಪತ್ರಿಕೆಯ ಚಿತ್ರಕಥೆ ಪುಟ: ಕತ್ತರಿ ಬದಿಗಿಡಿ, ಹಾಳೆ ಉಳಿಸಿ

ಮೈಸೂರಿನ ಅಗ್ರಹಾರದಲ್ಲೋ ಮಂಡ್ಯದ ಪೇಟೆಬೀದಿಯಲ್ಲೋ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದ ಪತ್ರಿಕೆಯ ಕಟ್ಟುಗಳು ಅಂದೇ ಗುಜರಿ ತಕ್ಕಡಿ ಏರಿಬಿಡುತ್ತವೆ. ಒಳಗೆ ಏನಿದೆ ಎಂದು ಬಿಚ್ಚಿ ನೋಡುವವರು ಕಡಿಮೆ. ಫ್ಯಾಂಟಮ್‌ನ ನಾಲ್ಕು ಚೌಕದ ಕಂತು, ಡೆಕ್ಕನ್ ಹೆರಾಲ್ಡ್‌ನಲ್ಲಿ ರಾಮಮೂರ್ತಿಯವರ ಮಿಸ್ಟರ್ ಸಿಟಿಜನ್, ಟೈಮ್ಸ್ ಆಫ್ ಇಂಡಿಯಾದ ಮೂಲೆಯಲ್ಲಿ ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಎಲ್ಲವೂ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಆರ್.ಕೆ. ಲಕ್ಷ್ಮಣ್ 1921ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಊರು ಮೈಸೂರು. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದಿದ್ದ ಅವರು 1951ರಲ್ಲಿ ಶ್ರೀಸಾಮಾನ್ಯನ ವ್ಯಂಗ್ಯಚಿತ್ರ ಸರಣಿ ‘ಯು ಸೆಡ್ ಇಟ್’ ಆರಂಭಿಸಿದರು. ಇಂಥ ಪುಟಗಳನ್ನು ಕೂಡಿಡುವ ಕೆಲಸ ಇಲ್ಲೇ ಚೆನ್ನಾಗಿ ಆಗಬೇಕು ಎಂಬುದು ನನ್ನ ಆಸೆ.

ಶುರು ಮಾಡುವವರಿಗೆ ಮೊದಲ ಮಾತು: ಚಿತ್ರವನ್ನಷ್ಟೇ ಕತ್ತರಿಸಿ ಪುಸ್ತಕಕ್ಕೆ ಅಂಟಿಸಬೇಡಿ. ಇಡೀ ಹಾಳೆ ಉಳಿಸಿ. ಏಕೆಂದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಹಂತ 1: ಒಂದು ಎಳೆ ಹಿಡಿಯಿರಿ

ಸಿಕ್ಕಿದ್ದೆಲ್ಲ ತಂದರೆ ಮನೆ ತುಂಬುತ್ತದೆಯೇ ಹೊರತು ಸಂಗ್ರಹ ಆಗುವುದಿಲ್ಲ. ಒಬ್ಬ ಚಿತ್ರಕಾರ, ಒಂದು ಪಾತ್ರ ಅಥವಾ ಒಂದು ಪತ್ರಿಕೆಯ ಒಂದು ದಶಕ, ಇಷ್ಟಕ್ಕೆ ನಿಲ್ಲಿಸಿ. ಮುಂದುವರಿಯುವ ಕಥೆಯಾದರೆ ಬಿಡಿ ಪುಟಕ್ಕಿಂತ ಸತತವಾದ ಕಂತುಗಳಿಗೇ ಬೆಲೆ. ನಡುವೆ ಒಂದು ವಾರ ತಪ್ಪಿದರೂ ಓದು ಕುಂಟುತ್ತದೆ.

ಹಂತ 2: ಎಲ್ಲಿ ಹುಡುಕುವುದು

ಹಳೇ ಪುಸ್ತಕದ ಅಂಗಡಿಗಿಂತ ಮೊದಲು ಗುಜರಿ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳಿ. ಮಾಮೂಲಿ ದರದ ಎರಡರಷ್ಟು ಕೊಡುತ್ತೇನೆ, ಹಳದಿ ತಿರುಗಿದ ಕಟ್ಟು ಬಂದರೆ ಬಿಚ್ಚದೆ ಎತ್ತಿಡಿ ಅಣ್ಣಾ ಎಂದು ಹೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ಮನೆಗಳಲ್ಲಿ ಟ್ರಂಕಿನ ತಳ, ಬೀರುವಿನ ತಟ್ಟೆ, ದೇವರ ಪಟದ ಹಿಂಬದಿ ನೋಡಿ.

ಇನ್ನೊಂದು ನಿಧಿ ನಮ್ಮ ಕಡೆಯ ಮನೆಗಳಲ್ಲಿ ಬೇಕಾದಷ್ಟಿದೆ. ವಾರಪತ್ರಿಕೆಯ ಧಾರಾವಾಹಿಗಳನ್ನು ಬಿಡಿಸಿ, ಜೋಡಿಸಿ, ಬೈಂಡ್ ಹಾಕಿಸಿಟ್ಟ ಅಜ್ಜಿ, ಅತ್ತೆಯರು ಯಾರ ಮನೆಯಲ್ಲಿರಲಿಲ್ಲ? ಕಾದಂಬರಿಯ ಹಾಳೆಯ ಬೆನ್ನಿಗೆ ಎಷ್ಟೋ ಕಡೆ ವ್ಯಂಗ್ಯಚಿತ್ರವೋ ಚಿತ್ರಕಥೆಯ ಕಂತೋ ಉಳಿದಿರುತ್ತದೆ. ಅಂಥ ಬೈಂಡನ್ನು ಒಡೆಯಬೇಡಿ, ಕೇಳಿ ಪಡೆದು ಫೋಟೊ ತೆಗೆದುಕೊಂಡು ಹಿಂದಿರುಗಿಸಿ.

ಹಂತ 3: ದಿನಾಂಕ ಪತ್ತೆ

ಪುಟದ ನೆತ್ತಿ ಹರಿದುಹೋಗಿದ್ದರೆ ಅಕ್ಕಪಕ್ಕದ ಜಾಹೀರಾತುಗಳೇ ಸಾಕ್ಷಿ. ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ಕ್ಕಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಆಸುಪಾಸು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಕಂಡರೆ 1972ರ ಆಗಸ್ಟ್ ನಂತರದ್ದು. ಸರ್ಕಾರಿ ಪ್ರಕಟಣೆಯಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಮುಂಚಿನದು. ಚಿತ್ರವನ್ನು ಮಾತ್ರ ಕತ್ತರಿಸಿಟ್ಟವರಿಗೆ ಇದರಲ್ಲಿ ಒಂದು ಸುಳಿವೂ ಸಿಗದು. ಮಾರುವವರ ಮಾತನ್ನೂ ತಾಳೆ ನೋಡಿ: ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಹುಟ್ಟಿದ್ದು 1948ರಲ್ಲಿ, ಸುಧಾ 1965ರಲ್ಲಿ. ‘1960ರ ಸುಧಾ’ ಎಂದು ಯಾರಾದರೂ ತೋರಿಸಿದರೆ ಕೊಳ್ಳಬೇಡಿ.

ಅಮೆರಿಕದಿಂದ ಬಂದ ಚಿತ್ರಕಥೆಗಳ ಚೌಕದಲ್ಲಿ ಸಿಂಡಿಕೇಟ್ (ಪತ್ರಿಕೆಗಳಿಗೆ ಚಿತ್ರಕಥೆ ಹಂಚುವ ಸಂಸ್ಥೆ) ಹೆಸರಿನ ಬಳಿ ಒಂದು ಸಣ್ಣ ಸಂಖ್ಯೆ ಇರುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 5-8 ಎಂದರೆ ಮೇ 8. ಅದು ಅಲ್ಲಿನ ಪ್ರಕಟಣೆಯ ದಿನ, ನಮ್ಮ ಪತ್ರಿಕೆಯಲ್ಲಿ ಬಂದ ದಿನ ಬೇರೆ ಇರಬಹುದು. ಎರಡನ್ನೂ ಬರೆದಿಡಿ. ಭಾನುವಾರದ ಬಣ್ಣದ ಕಂತುಗಳಲ್ಲಿ ಮತ್ತೊಂದು ಸಂಗತಿ ಗಮನಿಸಬೇಕು. ಜಾಗ ಕಡಿಮೆಯಿರುವ ಪತ್ರಿಕೆಗಳು ಮೇಲಿನ ಸಾಲಿನ ಚೌಕಗಳನ್ನು ಕೈಬಿಡಲು ಅನುಕೂಲವಾಗುವಂತೆ ಹಲವು ಕಲಾವಿದರು ಚಿತ್ರ ಹೊಂದಿಸುತ್ತಿದ್ದರು. ಹಾಗಾಗಿ ಒಂದೇ ಕಂತು ಒಂದು ಪತ್ರಿಕೆಯಲ್ಲಿ ಪೂರ್ತಿ, ಇನ್ನೊಂದರಲ್ಲಿ ಮೊಟಕು. ಚೌಕಗಳು ಹೆಚ್ಚಿರುವ ಪ್ರತಿಯನ್ನೇ ಆರಿಸಿ.

ಹಂತ 4: ಕಾಗದ ಕಾಪಾಡುವುದು

ಹೆಚ್ಚು ಗಮನ ಬೇಡುವುದು ಇದೇ. ನ್ಯೂಸ್‌ಪ್ರಿಂಟ್ ಅಗ್ಗದ ಕಾಗದ. ಮರವನ್ನು ಅರೆದು ಮಾಡುವ ತಿರುಳಿನಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದುಬಿಡುತ್ತದೆ. ಬೆಳಕು, ಗಾಳಿ ತಗುಲಿ ಅದು ಹಳದಿಯಾಗುತ್ತದೆ. ಜೊತೆಗೆ ಆಮ್ಲ ನಾರನ್ನು ತಿನ್ನುವುದರಿಂದ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಆದದ್ದನ್ನು ಸರಿಪಡಿಸಲಾಗದು, ಮುಂದಿನ ಹಾನಿಯ ವೇಗ ತಗ್ಗಿಸಬಹುದು ಅಷ್ಟೆ.

ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಚಿತ್ರದ ಮೇಲೆ ಹೊಸ ಗೆರೆ ಬೀಳಿಸಬೇಡಿ. ಸಾಧ್ಯವಾದರೆ ಮಡಿಸದೆ ಚಪ್ಪಟೆಯಾಗಿಡಿ. ಮೈಸೂರಿನ ಕಲಾ ಕಾಲೇಜು ಕಾವಾದ ವಿದ್ಯಾರ್ಥಿಗಳು ಹೆಗಲಿಗೆ ಹಾಕಿಕೊಂಡು ಓಡಾಡುವ ದೊಡ್ಡ ಡ್ರಾಯಿಂಗ್ ಫೋಲ್ಡರ್ ಇದಕ್ಕೆ ಅನುಕೂಲ. ಪ್ರತಿ ಹಾಳೆಯ ನಡುವೆ ಆಮ್ಲರಹಿತ ಬಿಳಿ ಕಾಗದ ಇರಲಿ. ಪ್ಲಾಸ್ಟಿಕ್ ಹೊದಿಕೆ ಬೇಕಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೇಳಿ. ಪಿವಿಸಿ ಕವರ್ ಕೆಲವು ವರ್ಷಕ್ಕೆ ಅಂಟಂಟಾಗಿ ಮಸಿಯನ್ನೇ ಎಳೆದುಕೊಳ್ಳುತ್ತದೆ.

ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಹಳೇ ಟೇಪ್ ಇದ್ದರೆ ಎಳೆದು ಕೀಳದೆ ಹಾಗೇ ಬಿಡಿ. ಹರಿದ ಕಡೆ ಗೋಧಿ ಪಿಷ್ಟದ ತಿಳಿ ಅಂಟು ಸವರಿ, ಹಿಂಬದಿಯಿಂದ ತೆಳು ಟಿಶ್ಯೂ ಪಟ್ಟಿ ಹಚ್ಚಿದರೆ ಸಾಕು, ಬೇಕೆಂದಾಗ ನೀರಿನಿಂದ ಬಿಡಿಸಬಹುದು. ಲ್ಯಾಮಿನೇಷನ್ ಮಾಡಿಸುವುದು ಉಳಿಸಿದಂತಲ್ಲ, ಕೆಡಿಸಿದಂತೆ.

ಹೆಂಚಿನ ಕೆಳಗಿನ ಅಟ್ಟ, ಅಡುಗೆಮನೆಯ ಗೋಡೆ, ನೆಲ ಮೂರೂ ಬೇಡ. ಗೋಡೆಯಿಂದ ಒಂದು ಗೇಣು ದೂರ, ಒಳಕೋಣೆಯ ಬೀರುವೇ ಒಳ್ಳೆಯದು. ಆಷಾಢದ ಥಂಡಿಗೆ ಪೆಟ್ಟಿಗೆ ತೆರೆಯಬೇಡಿ. ಮಾಘ, ಫಾಲ್ಗುಣದ ಒಣ ಹವೆಯಲ್ಲಿ ನೆರಳಿನಲ್ಲಿ ಗಾಳಿಯಾಡಿಸಿ, ಗೆದ್ದಲು, ಹುಳ ಹಿಡಿದಿದೆಯೇ ನೋಡಿ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಗಿಡಿ, ಪುಟಗಳ ನಡುವೆ ಬೇಡ. ತಾಳೆಗರಿಗೆ ಎಣ್ಣೆ ಸವರುವುದನ್ನು ಕಂಡವರು ಪತ್ರಿಕೆಗೂ ಪ್ರಯೋಗಿಸಬಾರದು, ಕಾಗದ ಎಣ್ಣೆ ಕುಡಿದು ಹಾಳಾಗುತ್ತದೆ.

ಹಂತ 5: ಸ್ಕ್ಯಾನ್, ದಾಖಲೆ

ಪುಟದ ಹಿಂದೆ ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿದರೆ ಹಿಂಬದಿಯ ಅಕ್ಷರಗಳು ಮುಂದೆ ಮೂಡುವುದಿಲ್ಲ. 600 ಡಿಪಿಐ ಇರಲಿ, ಕಪ್ಪುಬಿಳುಪಿನ ಚಿತ್ರವಾದರೂ ಬಣ್ಣದಲ್ಲೇ ತೆಗೆಯಿರಿ. ಪತ್ರಿಕೆ, ಆವೃತ್ತಿ, ದಿನಾಂಕ, ಪುಟಸಂಖ್ಯೆ, ಸಿಕ್ಕಿದ ಜಾಗ ಬರೆದಿಡಿ, ಹಾಳೆಯ ಮೇಲೆ ಪೆನ್ನು ಮಾತ್ರ ಆಡಿಸಬೇಡಿ.

ಸ್ಕ್ಯಾನ್ ಆಯಿತಲ್ಲ ಎಂದು ಮೂಲ ಪ್ರತಿ ಎಸೆಯಬಾರದು. ಅಮೆರಿಕದ ಗ್ರಂಥಾಲಯಗಳು ಪತ್ರಿಕೆಗಳನ್ನು ಕಪ್ಪುಬಿಳುಪು ಮೈಕ್ರೋಫಿಲ್ಮ್‌ಗೆ ಇಳಿಸಿ ಮೂಲವನ್ನು ವಿಲೇವಾರಿ ಮಾಡತೊಡಗಿದಾಗ ಭಾನುವಾರದ ಬಣ್ಣದ ಪುಟಗಳೇ ಇಲ್ಲವಾಗುತ್ತಿದ್ದವು. ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬವರು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1968ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಗ್ರಂಥಾಲಯಗಳು ಬೇಡವೆಂದ ಸಂಪುಟಗಳನ್ನು ತಮ್ಮ ಮನೆಗೇ ತುಂಬಿಕೊಂಡರು. 1990ರ ದಶಕದ ಕೊನೆಗೆ ಆ ಸಂಗ್ರಹ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದಾಗ ತೂಕ ಸುಮಾರು 75 ಟನ್, ಸಾಗಿಸಲು ಆರು ದೊಡ್ಡ ಟ್ರಕ್‌ಗಳು. ಇಂದು ಆ ಕಾಲದ ಚಿತ್ರಕಥೆಗಳ ಮರುಮುದ್ರಣಕ್ಕೆ ಆ ಹಾಳೆಗಳು ಒದಗುತ್ತಿವೆ.

ಹಂಚಿಕೊಳ್ಳುವಾಗ

ಪುಟ ನಿಮ್ಮದು, ಚಿತ್ರದ ಹಕ್ಕು ನಿಮ್ಮದಲ್ಲ. ನಮ್ಮ ಕಾಯ್ದೆಯಂತೆ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಮರುಮುದ್ರಿಸಿ ಮಾರುವ ಮೊದಲು ಅನುಮತಿ ಬೇಕು. ಒಂದೇ ದಿನದ ಎರಡು ಪ್ರತಿ ಸಿಕ್ಕಿದರೆ ಚೆನ್ನಾಗಿರುವುದನ್ನು ಇಟ್ಟುಕೊಂಡು ಇನ್ನೊಂದನ್ನು ವಿನಿಮಯಕ್ಕೆ ತೆಗೆದಿಡಿ. ನಿಮ್ಮಲ್ಲಿಲ್ಲದ ಕಂತುಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಬರೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಗುಜರಿ ಅಂಗಡಿಯ ಕಟ್ಟಿನ ಮುಂದೆ ಕೂತಾಗ ಮೊದಲು ಬೇಕಾಗುವುದು ಅದೇ ಪಟ್ಟಿ.