ಯಾರು ‘ಸರ್’, ಯಾರು ಬರೀ ಸರ್: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಬಸ್ ಕಂಡಕ್ಟರಿಂದ ಬ್ಯಾಂಕ್ ಮ್ಯಾನೇಜರವರೆಗೆ ಎಲ್ಲರಿಗೂ ‘ಸರ್’ ಅಂದು ಪಳಗಿದ ನಾಲಿಗೆ ನಮ್ಮದು. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ನಮ್ಮ ಬಾಸಿಗೆ ‘ಎಸ್ ಸರ್’ ಅಂದೆ. ‘ಅರಮನೆಯಿಂದ ಇನ್ನೂ ಕಾಗದ ಬಂದಿಲ್ಲ ಮಾರಾಯ, ಹೆಸರು ಹಿಡಿದೇ ಕರಿ’ ಅಂತ ನಕ್ಕುಬಿಟ್ಟ.

ಅರಮನೆಯ ‘ಸರ್’ ಬೇರೆ, ಅದು ರಾಜರು ಕೊಡುವ ಬಿರುದು. ಅದು ಯಾವಾಗಲೂ ಹೆಸರಿಗೆ ಅಂಟಿಕೊಳ್ಳುತ್ತದೆ, ಮನೆತನದ ಹೆಸರಿಗಲ್ಲ. ಕೀರ್ ಸ್ಟಾರ್ಮರ್ ‘ಸರ್ ಕೀರ್’ ಆಗುತ್ತಾರೆ, ‘ಸರ್ ಸ್ಟಾರ್ಮರ್’ ಅಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಹೆಂಗಸರಿಗೆ ‘ಡೇಮ್’. ಸರ್ ಆದವರ ಹೆಂಡತಿ ‘ಲೇಡಿ’ ಆಗುತ್ತಾಳೆ, ಆದರೆ ಡೇಮ್ ಆದವಳ ಗಂಡ ಮೊದಲಿನ ಹಾಗೇ ಮಿಸ್ಟರ್. ನಮ್ಮ ಸರ್ ಎಂ.ವಿ. ಅವರ ‘ಸರ್’ ಕೂಡ ಇದೇ ಬೇರಿನದು. ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ, ಅವರಿಗೆ ಕೆಸಿಐಇ ಎಂಬ ‘ಸರ್’ ಪದವಿ ಬಂತು. ಭಾರತ ಸ್ವತಂತ್ರವಾದ ಮೇಲೆ ಆ ಪದವಿ ಕೊಡುವುದು ನಿಂತಿತು.

ಈಗ ಇಲ್ಲಿ ಬಿರುದು ಪಡೆದವರ ಪಟ್ಟಿ ವರ್ಷಕ್ಕೆ ಎರಡು ಸಲ ಬರುತ್ತದೆ: ಹೊಸ ವರ್ಷಕ್ಕೊಂದು, ಜೂನ್‌ನಲ್ಲಿ ರಾಜರ ‘ಅಧಿಕೃತ’ ಹುಟ್ಟುಹಬ್ಬಕ್ಕೊಂದು. (ಚಾರ್ಲ್ಸ್ ಹುಟ್ಟಿದ್ದು ನವೆಂಬರ್ 14ಕ್ಕೆ. ಮೆರವಣಿಗೆಗೆ ಬಿಸಿಲು ಬೇಕಲ್ಲ, ಅದಕ್ಕೇ ಜೂನ್.) ಪತ್ರಿಕೆಗಳು ನಟರ, ಆಟಗಾರರ ಫೋಟೊ ಹಾಕಿ ಸುಮ್ಮನಾಗುತ್ತವೆ. ನೀವು ಪಟ್ಟಿಯ ಕೆಳಭಾಗ ಓದಿ. ಎಂಬಿಇ ಎಂಬ ಪದವಿ, ಬಿಇಎಂ ಎಂಬ ಪದಕ ಪಡೆದವರಲ್ಲಿ ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸುವವರು, ಫುಡ್ ಬ್ಯಾಂಕ್ ನಡೆಸುವವರು, ಊರಿನ ಗ್ರಂಥಾಲಯ ಉಳಿಸಿದವರು ಸಿಗುತ್ತಾರೆ. ಎಂಬಿಇ, ಒಬಿಇ, ಸಿಬಿಇ ಎಲ್ಲ 1917ರಲ್ಲಿ ಐದನೇ ಜಾರ್ಜ್ ಹುಟ್ಟುಹಾಕಿದ ಒಂದೇ ಆರ್ಡರಿನ, ಅಂದರೆ ‘ಆರ್ಡರ್ ಆಫ್ ದ ಬ್ರಿಟಿಷ್ ಎಂಪೈರ್’ ಎಂಬ ಪದವಿ ಸಾಲಿನ ಮೆಟ್ಟಿಲುಗಳು. ಅದರ ಹೆಸರಲ್ಲಿ ‘ಎಂಪೈರ್’ ಇನ್ನೂ ಕೂತಿದೆ. ಕವಿ ಬೆಂಜಮಿನ್ ಜೆಫನಾಯ 2003ರಲ್ಲಿ ಒಬಿಇ ಬೇಡ ಅಂದದ್ದು ಆ ಪದದ ಮೇಲಿನ ಸಿಟ್ಟಿಗೇ.

‘ಇದೆಲ್ಲ ವಶೀಲಿಬಾಜಿ’ ಅನ್ನುವುದು ನಮ್ಮವರ ಮಾಮೂಲಿ ಮಾತು. ಪೂರ್ತಿ ಸುಳ್ಳಲ್ಲ. ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ಬಿರುದುಗಳು ದುಡ್ಡಿಗೆ ಹೋದವು, ಅದನ್ನು ತಡೆಯಲು 1925ರಲ್ಲಿ ಕಾನೂನೇ ಬಂತು. ಪಕ್ಷಕ್ಕೆ ದೇಣಿಗೆ ಕೊಟ್ಟವರು ಸಂಸತ್ತಿನ ಮೇಲ್ಮನೆಗೆ ಹೋಗಿ ಲಾರ್ಡ್ ಆದಾಗ ಇವತ್ತಿಗೂ ಗುಸುಗುಸು ಇದೆ. ಆದರೆ ಕೆಳಗಿನ ಮೆಟ್ಟಿಲುಗಳಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಒಂದು ಪೆನ್ನಿಯೂ ಖರ್ಚಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಫಾರಂ ತುಂಬಿ, ಬೇರೆಯವರಿಂದ ಎರಡು ಬೆಂಬಲ ಪತ್ರ ಸೇರಿಸಿದರೆ ಆಯಿತು. ತೆರಿಗೆ ಇಲಾಖೆಯಲ್ಲಿ ವಿಚಾರಿಸುತ್ತಾರೆ, ಸಮಿತಿ ಕೂರುತ್ತದೆ, ಪ್ರಧಾನಿಯ ಮೂಲಕ ರಾಜರ ಬಳಿ ಹೋಗುತ್ತದೆ. ಒಂದು, ಒಂದೂವರೆ ವರ್ಷ ಹಿಡಿಯುತ್ತದೆ.

ನಮ್ಮೂರಿನಲ್ಲಿ ಇಪ್ಪತ್ತು ವರ್ಷದಿಂದ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಆಂಟಿಯೊಬ್ಬರಿದ್ದಾರೆ. ಅವರ ಹೆಸರು ಕಳಿಸೋಣ ಅಂತ ನಾನು ಮೊದಲು ಬರೆದ ಕಾಗದ ಥೇಟ್ ನಮ್ಮ ಸನ್ಮಾನ ಪತ್ರದ ಹಾಗಿತ್ತು: ‘ಸರಳ ಸಜ್ಜನಿಕೆ, ನಿಸ್ವಾರ್ಥ ಸೇವೆ’. ಇಲ್ಲಿನ ಗೆಳೆಯನೊಬ್ಬ ಓದಿ, ‘ಇದರಲ್ಲಿ ಆಕೆ ಮಾಡಿದ್ದೇನು?’ ಅಂದ. ಎರಡನೇ ಸಲ ಬರೆದದ್ದು ಹೀಗೆ: ಆರು ಮಕ್ಕಳಿಂದ ಶುರುವಾಗಿ ಈಗ ಅರವತ್ತು, ಹಾಲ್ ಬಾಡಿಗೆಗೆ ಹಣ ಸಾಲದ ವರ್ಷ ತಮ್ಮ ಮನೆ ಗ್ಯಾರೇಜಿನಲ್ಲೇ ಪಾಠ, ಮಾತು ತಡವಾಗಿದ್ದ ಒಬ್ಬ ಹುಡುಗ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿದ್ದು. ಸಮಿತಿಗೆ ಬೇಕಾದದ್ದು ಇದು. ಇನ್ನೊಂದು, ಆ ಕೆಲಸ ಇನ್ನೂ ನಡೆಯುತ್ತಿರಬೇಕು. ನಿವೃತ್ತರಾಗಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ.

ಪಾಸ್‌ಪೋರ್ಟ್ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ರಾಜರ ಪ್ರಜೆಯಲ್ಲದವರಿಗೆ ಸಿಗುವುದು ಗೌರವ ಪದವಿ ಮಾತ್ರ, ಅದರ ಜೊತೆ ‘ಸರ್’ ಬರುವುದಿಲ್ಲ. 2014ರಲ್ಲಿ ಅದೇ ಆರ್ಡರಿನ ತುದಿಯ ಮೆಟ್ಟಿಲಾದ ಜಿಬಿಇ ಪಡೆದ ರತನ್ ಟಾಟಾ ‘ಸರ್ ರತನ್’ ಆಗಲಿಲ್ಲ. ನಮ್ಮ ಸಂವಿಧಾನದ 18ನೇ ವಿಧಿಯೂ ಭಾರತದ ಪ್ರಜೆ ವಿದೇಶದ ಬಿರುದು ಸ್ವೀಕರಿಸಬಾರದು ಅನ್ನುತ್ತದೆ.

ಲಾರ್ಡ್‌ಗಳ ಕತೆ ಚಿಕ್ಕದು. ಡ್ಯೂಕ್, ಅರ್ಲ್ ಎಂಬ ವಂಶಪಾರಂಪರ್ಯದ ಪದವಿಗಳನ್ನು ರಾಜಮನೆತನದ ಹೊರಗೆ ಹೊಸದಾಗಿ ಕೊಟ್ಟು ದಶಕಗಳಾದವು. 1958ರ ಕಾನೂನಿನ ಪ್ರಕಾರ ನೇಮಕವಾಗುವ ಲಾರ್ಡ್‌ಗಳ ಬಿರುದು ಅವರ ಜೀವಮಾನಕ್ಕಷ್ಟೇ, ಮಗನಿಗೆ ಬರುವುದಿಲ್ಲ. ಆನ್‌ಲೈನಿನಲ್ಲಿ ಸ್ಕಾಟ್ಲೆಂಡಿನ ಒಂದು ಚದರಡಿ ಜಾಗ ಮಾರಿ ‘ಇವತ್ತಿನಿಂದ ನೀವು ಲಾರ್ಡ್’ ಅನ್ನುವವರಿದ್ದಾರೆ. ನನ್ನ ಭಾವಮೈದ ಅಂಥದ್ದೊಂದು ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ನನಗೆ ಉಡುಗೊರೆ ಕೊಟ್ಟ. ಅದು ಈಗ ಬಚ್ಚಲುಮನೆಯ ಗೋಡೆ ಮೇಲಿದೆ. ತಮಾಷೆಗೆ ಸರಿ, ಪಾಸ್‌ಪೋರ್ಟಿಗೆ ಹಾಕಿಸಲು ಹೋಗಬೇಡಿ.

ಕೊನೆಯದಾಗಿ, ಯಾರ ಹೆಸರು ಕಳಿಸಿದಿರೋ ಅವರಿಗೆ ಆ ವಿಷಯ ಹೇಳಕೂಡದು. ಹಲವರಿಗೆ ಸಿಗುವುದೇ ಇಲ್ಲ, ಆಸೆ ಹುಟ್ಟಿಸಿ ನೋಯಿಸಬಾರದು ಅಂತ. ವಾಟ್ಸಾಪ್ ಗ್ರೂಪಿಗಂತೂ ಹಾಕಲೇಬೇಡಿ, ಅರ್ಧ ಗಂಟೆಯಲ್ಲಿ ‘ಹಾರ್ದಿಕ ಅಭಿನಂದನೆಗಳು’ ಶುರುವಾಗುತ್ತದೆ. ನಾನು ಕಳಿಸಿ ಹದಿನಾಲ್ಕು ತಿಂಗಳಾಯಿತು. ಮೊನ್ನೆ ಭಾನುವಾರ ಆಂಟಿ ಚಿತ್ರಾನ್ನ ಬಡಿಸುತ್ತಾ, ‘ಯಾಕೋ, ಇವತ್ತು ಮಾತೇ ಆಡ್ತಿಲ್ಲ?’ ಅಂದರು. ಬಾಯಿ ತುಂಬ ತುತ್ತಿಟ್ಟುಕೊಂಡು ತಪ್ಪಿಸಿಕೊಂಡೆ.